ಲಿಗ್ಯಾಂಡ್ ಬರೀ ಹೊದಿಕೆ ಅಂದುಕೊಂಡಿದ್ದೆವು: ಚಿನ್ನದ ನ್ಯಾನೋಕ್ಲಸ್ಟರ್‌ನ ಒಂದು ಪ್ರಕರಣ

ಇದು ಒಂದು ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ನಡೆದ ಪ್ರಕರಣ. ಸಂಸ್ಥೆ, ಹೆಸರು ಯಾವುದನ್ನೂ ಹೇಳುವುದಿಲ್ಲ. ಕೆಲಸ ಮಾಡಿದ್ದು ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿ. ನಾನು ಆಗ ಅದೇ ಗುಂಪಿನಲ್ಲಿ ಪೋಸ್ಟ್‌ಡಾಕ್. ಯೋಜನೆಯನ್ನು ಓದಿ, ಸರಿಯಾಗಿದೆ, ಶುರು ಮಾಡು ಅಂದವಳು ನಾನೇ. ಹಾಗಾಗಿ ಇದರಲ್ಲಿ ನನ್ನ ಪಾಲೂ ಇದೆ. ಇದೇ ದಾರಿಯಲ್ಲಿ ಹೊರಟವರು ಇನ್ನೂ ಸಿಗುತ್ತಾರೆ. ಅವರಿಗೆ ಕೆಲವು ತಿಂಗಳಾದರೂ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ಹಿನ್ನೆಲೆ

ಚಿನ್ನದ ನ್ಯಾನೋಕ್ಲಸ್ಟರ್ ಅಂದರೆ ಎಣಿಸಿ ಹೇಳಬಹುದಾದಷ್ಟೇ ಚಿನ್ನದ ಪರಮಾಣುಗಳ ಗುಂಪು. ಅದರ ಮೈಗೆ ಅಂಟಿಕೊಂಡಿರುವ ಬೇರೆ ಅಣುಗಳೇ ಲಿಗ್ಯಾಂಡ್. ಗಾತ್ರ ಸುಮಾರು ಎರಡು ನ್ಯಾನೋಮೀಟರ್‌ಗಿಂತ ಕಡಿಮೆ. ಯಾವ ಬೆಳಕನ್ನು ಎಷ್ಟು ಹೀರುತ್ತದೆ ಅಂತ ತೋರಿಸುವ ಸ್ಪೆಕ್ಟ್ರಮ್‌ನಲ್ಲಿ, ದೊಡ್ಡ ಚಿನ್ನದ ಕಣಗಳಿಗೆ 520 ನ್ಯಾನೋಮೀಟರ್ ತರಂಗಾಂತರದ ಹತ್ತಿರ ಒಂದು ಪ್ಲಾಸ್ಮಾನ್ ಪೀಕ್ (ಇಲೆಕ್ಟ್ರಾನ್‌ಗಳು ಒಟ್ಟಿಗೆ ತೂಗುವುದರಿಂದ ಬರುವ ಏರು) ಇರುತ್ತದೆ, ಕೆಂಪು ಬಣ್ಣ ಬರುವುದು ಅದರಿಂದಲೇ. ಕ್ಲಸ್ಟರ್‌ಗಳಲ್ಲಿ ಅದು ಇರುವುದಿಲ್ಲ. ಬದಲಿಗೆ ಅಣುಗಳಿಗೆ ಇರುವ ಹಾಗೆ ಬಿಡಿಬಿಡಿ ಪೀಕ್‌ಗಳು. ಒಂದೊಂದು ಕ್ಲಸ್ಟರ್‌ಗೂ ತನ್ನದೇ ಬೆರಳಚ್ಚು.

ಇವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು 25 ಚಿನ್ನದ ಪರಮಾಣು, 18 ಥಯೋಲ್ (ಗಂಧಕದ ತುದಿ ಇರುವ ಸಾವಯವ ಅಣು) ಲಿಗ್ಯಾಂಡ್ ಇರುವ ಕ್ಲಸ್ಟರ್. ಇಲ್ಲಿ ಚಿನ್ನ-25 ಅಂತ ಕರೆಯುತ್ತೇನೆ. ಇದರ ಸ್ಫಟಿಕ ರಚನೆಯನ್ನು 2008ರಲ್ಲಿ ಎರಡು ಗುಂಪುಗಳು ಬೇರೆ ಬೇರೆಯಾಗಿ ಪ್ರಕಟಿಸಿದವು. ನಡುವೆ 13 ಪರಮಾಣುಗಳ ಐಕೋಸಾಹೆಡ್ರನ್ (ಇಪ್ಪತ್ತು ಮುಖದ ಆಕೃತಿ) ತಿರುಳು. ಅದರ ಸುತ್ತ ಆರು ಸ್ಟೇಪಲ್‌ಗಳು. ಒಂದೊಂದು ಸ್ಟೇಪಲ್ ಅಂದರೆ ಗಂಧಕ, ಚಿನ್ನ, ಗಂಧಕ, ಚಿನ್ನ, ಗಂಧಕ ಹೀಗೆ ಕೋದ ಸರಪಳಿ. ಈ ಸರಪಳಿಯ ವಿಷಯ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ವಿದ್ಯಾರ್ಥಿನಿಯ ಪ್ರಶ್ನೆ ಸರಳವಾಗಿತ್ತು. ಚಿನ್ನ-25 ವೇಗವರ್ಧಕವಾಗಿ ಕೆಲಸ ಮಾಡುವಾಗ ಅದರ ಮೈಮೇಲಿನ ಲಿಗ್ಯಾಂಡ್ ಏನು ಮಾಡುತ್ತದೆ? ಇದಕ್ಕೆ ಒಂದೇ ತಿರುಳು, ಎರಡು ಬೇರೆ ಲಿಗ್ಯಾಂಡ್ ಬೇಕು. ಒಂದು, ಮಾಮೂಲಿ ಫೀನೈಲ್‌ಈಥೇನ್‌ಥಯೋಲ್. ಇನ್ನೊಂದು, ಟರ್ಷರಿ-ಬ್ಯೂಟೈಲ್ ಬೆಂಜೀನ್‌ಥಯೋಲ್, ಲ್ಯಾಬ್‌ನಲ್ಲಿ ಎಲ್ಲರೂ ಹೇಳುವ ಹಾಗೆ ಟಿಬಿಬಿಟಿ. ಮೊದಲನೆಯದರಲ್ಲಿ ಬೆಂಜೀನ್ ಉಂಗುರಕ್ಕೂ ಗಂಧಕಕ್ಕೂ ನಡುವೆ ಎರಡು ಇಂಗಾಲದ ಬಾಲ ಇದೆ. ಎರಡನೆಯದರಲ್ಲಿ ಉಂಗುರ ಗಂಧಕಕ್ಕೆ ನೇರವಾಗಿ ಅಂಟಿಕೊಂಡಿದೆ, ಆಚೆ ತುದಿಯಲ್ಲಿ ಒಂದು ದಪ್ಪ ಟರ್ಷರಿ-ಬ್ಯೂಟೈಲ್ ಗುಂಪು. ಮೊದಲನೆಯದನ್ನು ಮಾಡಿಕೊಂಡು, ಲಿಗ್ಯಾಂಡ್ ಎಕ್ಸ್‌ಚೇಂಜ್ ಮಾಡಿ ಎರಡನೆಯದನ್ನು ಹಾಕಿಬಿಟ್ಟರೆ ಆಯ್ತು ಅಲ್ವಾ? ಅಂಗಿ ಬದಲಾಯಿಸಿದ ಹಾಗೆ. ಯೋಜನೆಯ ಮೂರನೇ ಪುಟದಲ್ಲಿ ಇದು ಒಂದೇ ಸಾಲು. ಅದನ್ನು ನಾನು ಎರಡನೇ ಸಲ ಓದಲೇ ಇಲ್ಲ.

ಮೊದಲ ತೊಡಕು: ತಯಾರಿ

ಮೊದಲ ಎರಡು ಬ್ಯಾಚ್ ಕೆಟ್ಟವು. ಇದರ ಕಥೆ ಚಿಕ್ಕದು. ಆದರೂ ಹೇಳಬೇಕು, ಯಾಕೆಂದರೆ ಲಿಗ್ಯಾಂಡ್‌ನ ಆಟ ಶುರುವಾಗುವುದೇ ಇಲ್ಲಿಂದ.

ಅವಳು ಹಿಡಿದದ್ದು ಬ್ರಸ್ಟ್ ಮತ್ತು ಶಿಫ್ರಿನ್ 1994ರಲ್ಲಿ ಕೊಟ್ಟ ಎರಡು ಪದರದ ವಿಧಾನದ ದಾರಿ. ಚಿನ್ನದ ಲವಣ ನೀರಿನಲ್ಲಿ, ಟೆಟ್ರಾಆಕ್ಟೈಲ್ ಅಮೋನಿಯಂ ಬ್ರೋಮೈಡ್ ಟಾಲುಯೀನ್‌ನಲ್ಲಿ. ಕಲಕಿದರೆ ಚಿನ್ನ ಮೇಲಿನ ಪದರಕ್ಕೆ ಏರುತ್ತದೆ. ನೀರು ಬಣ್ಣ ಕಳೆದುಕೊಳ್ಳುತ್ತದೆ, ಟಾಲುಯೀನ್ ಕಡುಗೆಂಪಾಗುತ್ತದೆ. ನೀರು ತೆಗೆದು ಥಯೋಲ್ ಹಾಕಬೇಕು. ಚಿನ್ನ +3 ಆವೇಶದ ಸ್ಥಿತಿಯಿಂದ +1ಕ್ಕೆ ಇಳಿದು ಥಯೋಲ್ ಜೊತೆ ಸೇರಿಕೊಳ್ಳುತ್ತದೆ, ಕೆಂಪು ಹೋಗಿ ದ್ರಾವಣ ತಿಳಿಯಾಗುತ್ತದೆ. ಆಮೇಲೆ ಐಸ್‌ನಷ್ಟು ತಣ್ಣಗಿರುವ ನೀರಿನಲ್ಲಿ ಆಗಷ್ಟೇ ಕರಗಿಸಿದ ಸೋಡಿಯಂ ಬೋರೋಹೈಡ್ರೈಡನ್ನು (ಇಲೆಕ್ಟ್ರಾನ್ ಕೊಡುವ ರಾಸಾಯನಿಕ) ಒಂದೇ ಸಲಕ್ಕೆ ಸುರಿಯಬೇಕು. ಕಣ್ಣೆದುರೇ ಕಪ್ಪಾಗುತ್ತದೆ.

ಅವಳು ಥಯೋಲ್ ಹಾಕುವ ಹಂತವನ್ನು ರೂಮಿನ ಶಾಖದಲ್ಲೇ, ಸ್ಟಿರರ್ ಜೋರಾಗಿಟ್ಟು ಮುಗಿಸಿದ್ದಳು. ಬೇಗ ತಿಳಿಯಾಯಿತು ಅಂತ ಖುಷಿ ಬೇರೆ. ಕೊನೆಗೆ ಬಂದದ್ದು ನಾನಾ ಗಾತ್ರದ ಕಲಬೆರಕೆ, 520ರಲ್ಲಿ ಸಣ್ಣ ಉಬ್ಬು. ಮೂರನೇ ಸಲ ಅದೇ ಹಂತವನ್ನು ಐಸ್ ಬಾತ್‌ನಲ್ಲಿ, ಸ್ಟಿರರ್ ತಿರುಗುತ್ತಿದೆಯೋ ಇಲ್ಲವೋ ಅನ್ನುವಷ್ಟು ನಿಧಾನಕ್ಕೆ, ಒಂದು ಗಂಟೆಗೂ ಜಾಸ್ತಿ ಹೊತ್ತು ಮಾಡಿದಳು. ಬೋರೋಹೈಡ್ರೈಡ್ ಹಾಕುವಾಗ ಮಾತ್ರ ಜೋರು. ಆಮೇಲೆ ರಾತ್ರಿಯಿಡೀ ಹಾಗೇ ಬಿಟ್ಟಳು. ಬೆಳಿಗ್ಗೆ 400, 450, 670 ಮೂರೂ ಪೀಕ್ ಎದ್ದು ನಿಂತಿದ್ದವು.

ಎರಡರ ವ್ಯತ್ಯಾಸ ಇರುವುದು ಬೋರೋಹೈಡ್ರೈಡ್‌ಗಿಂತ ಮುಂಚೆ. ಚಿನ್ನ ಮತ್ತು ಥಯೋಲ್ ಸೇರಿ ಆಗುವ ಆ ಮೊದಲ ಕೂಟ ಹೇಗೆ ಕಟ್ಟಿಕೊಂಡಿದೆ ಅನ್ನುವುದರ ಮೇಲೆ ಮುಂದೆ ಬರುವ ಕ್ಲಸ್ಟರ್‌ಗಳ ಗಾತ್ರ ನಿಂತಿದೆ. ಇನ್ನು ರಾತ್ರಿಯಿಡೀ ಬಿಡುವುದು ಯಾಕೆ ಅಂದರೆ, ಉಳಿದ ಥಯೋಲ್ ಆಗ ಗಟ್ಟಿಯಿಲ್ಲದ ಕ್ಲಸ್ಟರ್‌ಗಳನ್ನು ತಿನ್ನುತ್ತದೆ. ತಿನ್ನಿಸಿಕೊಳ್ಳದೆ ಉಳಿಯುವುದು ಚಿನ್ನ-25. ಕ್ಲಸ್ಟರ್ ಕಟ್ಟುವುದೂ ಥಯೋಲ್, ಒಡೆಯುವುದೂ ಥಯೋಲ್. ಈ ಮಾತನ್ನು ನಾವು ಇಲ್ಲೇ ಗಂಭೀರವಾಗಿ ತೆಗೆದುಕೊಂಡಿದ್ದರೆ ಮುಂದಿನ ಭಾಗ ಬರೆಯುವ ಅಗತ್ಯವೇ ಬರುತ್ತಿರಲಿಲ್ಲ.

ಹಸಿರಾದ ವಯಲ್

ಒಳ್ಳೆಯ ಬ್ಯಾಚ್ ಸಿಕ್ಕಿತು. ತೊಳೆದು, ಟಿಎಚ್‌ಎಫ್ ಅನ್ನುವ ದ್ರಾವಕದಲ್ಲಿ ಕರಗಿಸಿ, ವಯಲ್ ಅಂದರೆ ಸಣ್ಣ ಗಾಜಿನ ಸೀಸೆಗೆ ಹಾಕಿ, ಮುಚ್ಚಳ ಹಾಕಿ ಬೆಂಚ್ ಮೇಲೆ ಇಟ್ಟಿದ್ದಳು. ಕೆಲವು ದಿನ ಕಳೆದು ಬಂದು ಹೇಳಿದಳು: "ಮೇಡಂ, ಕ್ಲಸ್ಟರ್ ಹೋಯ್ತು ಅನ್ಸುತ್ತೆ. ಹಸಿರಾಗಿದೆ."

ನಿಜಕ್ಕೂ ಹಸಿರಾಗಿತ್ತು. ಕೆಂಪು ಬೆರೆತ ಕಂದು ಬಣ್ಣದ ದ್ರಾವಣ ಈಗ ಪಾಚಿಯ ಹಸಿರು. ಅವಳು ಅದನ್ನು ಚೆಲ್ಲಿ ಹೊಸ ಬ್ಯಾಚ್ ಮಾಡಿದಳು. ಅದೂ ಹಸಿರಾಯಿತು. ತೊಳೆದದ್ದು ಸಾಲದು, ಥಯೋಲ್ ಉಳಿದುಕೊಂಡು ತಿನ್ನುತ್ತಿದೆ ಅಂತ ಅಂದುಕೊಂಡು ಇನ್ನೂ ಜಾಸ್ತಿ ಸಲ ತೊಳೆದಳು. ಆಗಲೂ ಹಸಿರೇ. ಮೂರು ವಾರ ಹೀಗೇ ಹೋಯಿತು. ಈ ಕ್ಲಸ್ಟರ್ ಸ್ಥಿರವಾಗಿಲ್ಲ, ಟಿಬಿಬಿಟಿ ಹಾಕಿದರೆ ಸ್ಥಿರವಾಗುತ್ತದೆ ಅನ್ನುವ ನಂಬಿಕೆ ಬೆಳೆದದ್ದು ಈ ಮೂರು ವಾರದಲ್ಲೇ.

ನಾನು ಸ್ಪೆಕ್ಟ್ರಮ್ ತೋರಿಸು ಅಂದೆ. ಕ್ಲಸ್ಟರ್ ಒಡೆದಿದ್ದರೆ ಪೀಕ್‌ಗಳು ಕರಗಿ, ನುಣ್ಣಗೆ ಇಳಿಯುವ ಒಂದು ಗೆರೆ ಮಾತ್ರ ಉಳಿಯಬೇಕು. ಇಲ್ಲಿ ಹಾಗಿರಲಿಲ್ಲ. 400ರ ಪೀಕ್ ಮೊದಲಿಗಿಂತ ಚೂಪಾಗಿತ್ತು. 800ರ ಹತ್ತಿರ ಇದ್ದ ಸಣ್ಣ ಶೋಲ್ಡರ್ (ಪೂರ್ತಿ ಪೀಕ್ ಆಗದ ಉಬ್ಬು) ಮಾಯವಾಗಿತ್ತು. 670ರದ್ದು ಸ್ವಲ್ಪ ಆಚೆ ಸರಿದು ಅಲ್ಲೇ ಇತ್ತು.

ತಯಾರಾಗುವಾಗ ಚಿನ್ನ-25ರ ಮೇಲೆ ಒಂದು ಋಣ ಆವೇಶ ಇರುತ್ತದೆ, ಪಕ್ಕದಲ್ಲಿ ಜೋಡಿಯಾಗಿ ಟೆಟ್ರಾಆಕ್ಟೈಲ್ ಅಮೋನಿಯಂ. ಗಾಳಿಯ ಆಮ್ಲಜನಕ ಆ ಒಂದು ಇಲೆಕ್ಟ್ರಾನನ್ನು ಕಿತ್ತುಕೊಂಡರೆ ಕ್ಲಸ್ಟರ್ ತಟಸ್ಥವಾಗುತ್ತದೆ. ರಚನೆಯ ಚೌಕಟ್ಟು ಹಾಗೇ ಇರುತ್ತದೆ, ಬಣ್ಣ ಮಾತ್ರ ಹಸಿರಾಗುತ್ತದೆ. ಇದು ನನಗೆ ಓದಿ ಗೊತ್ತಿತ್ತು. ಆದರೆ ಮೂರು ವಾರ ಅವಳ ವಯಲ್ ನೋಡಲು ನಾನು ಎದ್ದು ಹೋಗಿರಲಿಲ್ಲ.

ಪರೀಕ್ಷೆ ಸುಲಭ. ಕ್ಯುವೆಟ್‌ನಲ್ಲಿ ಹಸಿರು ದ್ರಾವಣ ತೆಗೆದುಕೊಂಡು, ತಣ್ಣನೆ ನೀರಿನಲ್ಲಿ ಚಿಟಿಕೆ ಬೋರೋಹೈಡ್ರೈಡ್ ಕರಗಿಸಿ, ಅದರ ಎರಡು ಹನಿ ಬಿಟ್ಟೆವು. ಸಣ್ಣ ಸಣ್ಣ ಗುಳ್ಳೆ ಎದ್ದವು. ಮೊದಲು ಏನೂ ಆಗಲಿಲ್ಲ. ಆಮೇಲೆ ಹನಿ ಬಿದ್ದ ಜಾಗದಿಂದ ಕಂದು ಬಣ್ಣ ಕೆಳಗೆ ಇಳಿಯತೊಡಗಿತು, ಸ್ವಲ್ಪ ಹೊತ್ತಿಗೆ ಇಡೀ ಕ್ಯುವೆಟ್ ಕಂದು. ಮತ್ತೆ ಸ್ಪೆಕ್ಟ್ರಮ್ ತೆಗೆದರೆ 800ರ ಶೋಲ್ಡರ್ ವಾಪಸ್. ಅವಳು ಸಿಂಕ್ ಕಡೆ ನೋಡಿದಳು. ಮೂರು ಒಳ್ಳೆಯ ಬ್ಯಾಚ್ ಚೆಲ್ಲಿದ್ದು ಅಲ್ಲೇ.

ಸ್ಥಿರತೆ ಅನ್ನುವ ಒಂದೇ ಪದದಲ್ಲಿ ನಾವು ಎರಡು ಬೇರೆ ವಿಷಯಗಳನ್ನು ತುಂಬಿಸಿದ್ದೆವು. ಆವೇಶ ಬದಲಾಗುವುದು ಒಂದು. ಕ್ಲಸ್ಟರ್ ಒಡೆಯುವುದು ಇನ್ನೊಂದು. ಮೊದಲನೆಯದು ಹಿಂದಕ್ಕೆ ಬರುತ್ತದೆ, ಎರಡನೆಯದು ಬರುವುದಿಲ್ಲ. ಬಣ್ಣ ನೋಡಿ ತೀರ್ಮಾನ ಮಾಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಎಕ್ಸ್‌ಚೇಂಜ್

ಈಗ ಮುಖ್ಯ ಭಾಗ. ಶುದ್ಧ ಚಿನ್ನ-25 ಕೈಯಲ್ಲಿತ್ತು. ಮೊದಲು ರೂಮಿನ ಶಾಖದಲ್ಲಿ ಸ್ವಲ್ಪ ಟಿಬಿಬಿಟಿ ಹಾಕಿ ನೋಡಿದಳು. ಅಣುಗಳ ತೂಕ ತೋರಿಸುವ ಮಾಲ್ಡಿ ಮಾಸ್ ಸ್ಪೆಕ್ಟ್ರಮ್‌ನಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಪೀಕ್‌ಗಳ ಸಾಲು ಬಂತು: 7394, 7422, 7450, ಹೀಗೆ ಮುಂದಕ್ಕೆ. ಒಂದಕ್ಕೂ ಇನ್ನೊಂದಕ್ಕೂ 28ರ ಅಂತರ. ಒಂದು ಹಳೆಯ ಲಿಗ್ಯಾಂಡ್ ಹೋಗಿ ಒಂದು ಟಿಬಿಬಿಟಿ ಬಂದರೆ ತೂಕ 28 ಏರುತ್ತದೆ. ಅಂದರೆ ಒಂದು ಬದಲಾದದ್ದು, ಎರಡು ಬದಲಾದದ್ದು, ಮೂರು ಬದಲಾದದ್ದು ಎಲ್ಲ ಒಟ್ಟಿಗೇ ಇವೆ. ಸುಂದರವಾದ ಚಿತ್ರ. ಆದರೆ ಹೋಲಿಕೆಗೆ ಕಲಬೆರಕೆ ಆಗುವುದಿಲ್ಲ, ಹದಿನೆಂಟೂ ಬದಲಾಗಬೇಕು.

ಇಲ್ಲಿ ಒಂದು ತೀರ್ಮಾನ ತೆಗೆದುಕೊಂಡೆವು, ಇಡೀ ಪ್ರಕರಣ ತಿರುಗಿದ್ದು ಅಲ್ಲೇ. ಪೂರ್ತಿ ಆಗುತ್ತಿಲ್ಲ, ಹಾಗಾದರೆ ಇನ್ನಷ್ಟು ತಳ್ಳೋಣ. ಟಿಬಿಬಿಟಿ ತುಂಬಾ ಜಾಸ್ತಿ ಹಾಕಿ, ಟಾಲುಯೀನ್‌ನಲ್ಲಿ 80 ಡಿಗ್ರಿಗೆ ಇಟ್ಟು, ರಾತ್ರಿಯಿಡೀ ಬಿಟ್ಟೆವು.

ಬೆಳಿಗ್ಗೆ 670ರ ಪೀಕ್ ಇರಲಿಲ್ಲ. ಅದರ ಜಾಗದಲ್ಲಿ 480 ಮತ್ತು 580ರ ಸುತ್ತಮುತ್ತ ಹೊಸ ಪೀಕ್‌ಗಳು. ಹಸಿರು ವಯಲ್‌ನ ಪಾಠ ತಲೆಯಲ್ಲಿ ಇದ್ದುದರಿಂದ ಮೊದಲು ಬೋರೋಹೈಡ್ರೈಡ್ ಹಾಕಿ ನೋಡಿದೆವು. ಏನೂ ವಾಪಸ್ ಬರಲಿಲ್ಲ. ಲಿಗ್ಯಾಂಡ್ ಬದಲಾದ್ದರಿಂದ ಪೀಕ್ ಸರಿದಿರಬಹುದು ಅಂತ ಅವಳು ಹೇಳಿದಳು. ನಾನೂ ಒಪ್ಪಿದೆ. ನೋಟ್‌ಬುಕ್‌ನಲ್ಲಿ ಆ ದಿನದ ಪುಟದ ಮೇಲೆ "ಎಕ್ಸ್‌ಚೇಂಜ್ ಪೂರ್ತಿಯಾಗಿದೆ" ಅಂತಲೇ ಬರೆದಿದ್ದಳು.

ಮಾಲ್ಡಿ ಸ್ಲಾಟ್ ಸಿಗುವುದು ಒಂದು ವಾರ ತಡವಾಯಿತು. ಅಷ್ಟರಲ್ಲಿ ಅವಳು ವೇಗವರ್ಧನೆಯ ಪ್ರಯೋಗ ಶುರು ಮಾಡಿ ಬಿಟ್ಟಿದ್ದಳು. ಎರಡು ಸ್ಯಾಂಪಲ್‌ಗಳ ನಡುವೆ ದೊಡ್ಡ ವ್ಯತ್ಯಾಸ ಕಾಣುತ್ತಿತ್ತು. ಎಲ್ಲರಿಗೂ ಉತ್ಸಾಹ. ಗುಂಪಿನ ಮೀಟಿಂಗ್‌ನಲ್ಲಿ ಲಿಗ್ಯಾಂಡ್ ಪರಿಣಾಮ ಅನ್ನುವ ಸ್ಲೈಡ್ ಕೂಡ ಬಂತು.

ಆಮೇಲೆ ಮಾಸ್ ಬಂತು. ಲೆಕ್ಕ ಹೀಗೆ ಹಾಕಿ. ಚಿನ್ನ-25ರ ತೂಕ 7394. ಹದಿನೆಂಟೂ ಲಿಗ್ಯಾಂಡ್ ಬದಲಾದರೆ 18 ಸಲ 28, ಅಂದರೆ ಸುಮಾರು 505 ಏರಬೇಕು. ಪೀಕ್ 7899ರಲ್ಲಿ ಇರಬೇಕು. ಅಲ್ಲಿ ಏನೂ ಇರಲಿಲ್ಲ. ಒಂದೇ ಒಂದು ಗಟ್ಟಿ ಪೀಕ್, ಅದು 8821ರಲ್ಲಿ. ಅವಳು ಕಾಗದದ ಮೇಲೆ ಕೂಡಿ ಕಳೆದು ನೋಡುತ್ತಿದ್ದಳು. ಚಿನ್ನ ಒಂದಕ್ಕೆ 197, ಟಿಬಿಬಿಟಿ ಒಂದಕ್ಕೆ 165. ಯಾವ ಜೋಡಿ ಹೊಂದುತ್ತದೆ? 28 ಚಿನ್ನ, 20 ಟಿಬಿಬಿಟಿ. ಸರಿಯಾಗಿ ಕೂತಿತು.

ಆ ಕಾಗದ ನೋಡಿ ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು. ಇದು ಹೊಸದಲ್ಲ. ರೊಂಗ್ಚಾವ್ ಜಿನ್ ಅವರ ಗುಂಪು 2013ರಲ್ಲೇ ಇದನ್ನು ತೋರಿಸಿತ್ತು: ಫೀನೈಲ್‌ಈಥೇನ್‌ಥಯೋಲ್ ಇರುವ ಚಿನ್ನ-25ಕ್ಕೆ ಬಿಸಿಯಲ್ಲಿ ಜಾಸ್ತಿ ಟಿಬಿಬಿಟಿ ಹಾಕಿದರೆ 28 ಚಿನ್ನ, 20 ಲಿಗ್ಯಾಂಡ್‌ನ ಕ್ಲಸ್ಟರ್ ಆಗುತ್ತದೆ. ಅದೇ ಥರ 38 ಚಿನ್ನದ್ದು 36 ಚಿನ್ನದ್ದಾಗುತ್ತದೆ. ನಾವು ಗೊತ್ತಿಲ್ಲದೆ ಅದನ್ನೇ ಮಾಡಿದ್ದೆವು.

ಒಳಗೆ ನಡೆದದ್ದೇನು

ಇಲ್ಲಿ ಸ್ವಲ್ಪ ನಿಲ್ಲಬೇಕು. ಮೊದಲು ಹೇಳಿದ ಸರಪಳಿ ನೆನಪಿದೆಯಲ್ಲ? ಆರು ಸ್ಟೇಪಲ್, ಒಂದೊಂದರಲ್ಲಿ ಎರಡು ಚಿನ್ನ. ಒಟ್ಟು ಹನ್ನೆರಡು. ಅಂದರೆ 25ರಲ್ಲಿ 12 ಚಿನ್ನದ ಪರಮಾಣು ಇರುವುದು ಲಿಗ್ಯಾಂಡ್ ಪದರದ ಒಳಗೇ. ಹೆಚ್ಚುಕಡಿಮೆ ಅರ್ಧ ಚಿನ್ನ! ಹೀಗಿರುವಾಗ ಚಿನ್ನ ಒಳಗೆ, ಲಿಗ್ಯಾಂಡ್ ಹೊರಗೆ ಅಂತ ಗೆರೆ ಎಳೆಯುವುದು ಹೇಗೆ? ಅಂಗಿಯ ಹೋಲಿಕೆ ಬಿದ್ದುಹೋಗುವುದು ಇಲ್ಲೇ. ಮನೆಯ ಗೋಡೆಗೆ ಹಚ್ಚಿದ ಬಣ್ಣ ಅಲ್ಲ ಇದು, ಗೋಡೆಯ ಇಟ್ಟಿಗೆಯೇ. ಹದಿನೆಂಟು ಇಟ್ಟಿಗೆಯನ್ನು ಬೇರೆ ಆಕಾರದವಕ್ಕೆ ಬದಲಾಯಿಸಿ, ಮನೆ ಅದೇ ಇರಲಿ ಅಂತ ನಾವು ಬಯಸಿದ್ದೆವು.

ಟಿಬಿಬಿಟಿಯ ಉಂಗುರ ಗಂಧಕಕ್ಕೆ ನೇರ ಅಂಟಿದೆ, ಹಾಗಾಗಿ ಗಂಧಕದ ಹತ್ತಿರವೇ ಇಕ್ಕಟ್ಟು. ಉಂಗುರದ ಇಲೆಕ್ಟ್ರಾನ್‌ಗಳು ಗಂಧಕ ಮತ್ತು ಚಿನ್ನದ ಬಂಧವನ್ನೂ ಮುಟ್ಟುತ್ತವೆ. ಒಂದೆರಡು ಬಂದಾಗ ಚಿನ್ನ-25 ತಡೆದುಕೊಳ್ಳುತ್ತದೆ. ಜಾಸ್ತಿಯಾದ ಹಾಗೆ ತಿರುಳು ಹಳೆಯ ಆಕಾರದಲ್ಲಿ ಉಳಿಯುವುದಿಲ್ಲ. 28ರ ತಿರುಳು ಐಕೋಸಾಹೆಡ್ರನ್ ಅಲ್ಲ, ದೊಡ್ಡ ಚಿನ್ನದ ಲೋಹದಲ್ಲಿ ಇರುವಂಥ ಜೋಡಣೆಯದು.

ಇನ್ನೊಂದು ಸಂಗತಿ. 28 ಅಂದರೆ 25ಕ್ಕಿಂತ ಮೂರು ಜಾಸ್ತಿ. ನಾವು ಹೊರಗಿನಿಂದ ಚಿನ್ನ ಹಾಕಿರಲಿಲ್ಲ. ಹಾಗಾದರೆ ಕೆಲವು ಕ್ಲಸ್ಟರ್‌ಗಳು ಒಡೆದು ಬೇರೆಯವಕ್ಕೆ ಚಿನ್ನ ಕೊಟ್ಟಿರಲೇಬೇಕು. ಬರೀ ಲಿಗ್ಯಾಂಡ್ ಬದಲಾವಣೆ ಅಂದುಕೊಂಡ ಆ ರಾತ್ರಿ ಫ್ಲಾಸ್ಕ್ ಒಳಗೆ ಕ್ಲಸ್ಟರ್‌ಗಳು ಒಡೆದು ಮತ್ತೆ ಕಟ್ಟಿಕೊಂಡಿವೆ.

ಇಲೆಕ್ಟ್ರಾನ್ ಲೆಕ್ಕ ನಮ್ಮನ್ನು ಎಚ್ಚರಿಸಬಹುದಿತ್ತಾ? ಇಲ್ಲ, ನೋಡಿ. ಒಂದೊಂದು ಚಿನ್ನ ಒಂದು ಇಲೆಕ್ಟ್ರಾನ್ ಕೊಡುತ್ತದೆ, ಒಂದೊಂದು ಲಿಗ್ಯಾಂಡ್ ಒಂದನ್ನು ಹಿಡಿದುಕೊಳ್ಳುತ್ತದೆ. ಋಣ ಆವೇಶದ ಚಿನ್ನ-25ರಲ್ಲಿ 25ರಿಂದ 18 ಕಳೆದು, ಆವೇಶದ್ದು ಒಂದು ಸೇರಿಸಿದರೆ ಎಂಟು. 28ರಿಂದ 20 ಕಳೆದರೂ ಎಂಟೇ. ಎಂಟು ಇಲೆಕ್ಟ್ರಾನ್ ಇದ್ದರೆ ಕ್ಲಸ್ಟರ್ ಗಟ್ಟಿ ಅಂತ ನಾವು ಪಾಠದಲ್ಲಿ ಹೇಳುತ್ತೇವೆ. ಅದು ತಪ್ಪಲ್ಲ. ಆದರೆ ಎರಡಕ್ಕೂ ಲೆಕ್ಕ ಒಂದೇ ಬಂದಾಗ ಯಾವುದು ಉಳಿಯಬೇಕು ಅಂತ ಆರಿಸಿದ್ದು ಲಿಗ್ಯಾಂಡ್. ನನಗೆ ಈ ಇಡೀ ಪ್ರಕರಣದಲ್ಲಿ ಅತ್ಯಂತ ಇಷ್ಟವಾದ ಜಾಗ ಇದು.

ಇದಕ್ಕಿಂತ ಸೂಕ್ಷ್ಮ ಉದಾಹರಣೆಯೂ ಇದೆ. ಮೀಥೈಲ್ ಬೆಂಜೀನ್‌ಥಯೋಲ್‌ನಲ್ಲಿ ಆ ಒಂದು ಮೀಥೈಲ್ ಗುಂಪು ಉಂಗುರದ ಯಾವ ಮೂಲೆಯಲ್ಲಿದೆ ಅನ್ನುವುದರ ಮೇಲೆ ಸಿಗುವ ಕ್ಲಸ್ಟರ್ ಬದಲಾಗುತ್ತದೆ. ಗಂಧಕದ ಎದುರು ಮೂಲೆ (ಪ್ಯಾರಾ) ಆದರೆ 130 ಚಿನ್ನ, ನಡುವಿನದು (ಮೆಟಾ) ಆದರೆ 104, ಪಕ್ಕದ್ದು (ಆರ್ಥೋ) ಆದರೆ 40. ಮೀಥೈಲ್ ಗಂಧಕಕ್ಕೆ ಹತ್ತಿರವಾದ ಹಾಗೆ ಕ್ಲಸ್ಟರ್ ಚಿಕ್ಕದಾಗುತ್ತದೆ. ಮೂರು ಥಯೋಲ್‌ಗಳಲ್ಲೂ ಪರಮಾಣುಗಳು ಅವೇ, ಅಷ್ಟೇ, ಜಾಗ ಮಾತ್ರ ಬೇರೆ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಹಾಗಂತ ಗಂಧಕಕ್ಕೆ ಉಂಗುರ ನೇರ ಅಂಟಿದ ಎಲ್ಲ ಥಯೋಲ್‌ಗಳೂ ಚಿನ್ನ-25ನ್ನು ಒಡೆಯುತ್ತವೆ ಅಂತಲ್ಲ. 25ರ ತಿರುಳನ್ನು ಉಳಿಸಿಕೊಂಡವೂ ವರದಿಯಾಗಿವೆ. ಪ್ರತಿಯೊಂದನ್ನೂ ಮಾಡಿಯೇ ನೋಡಬೇಕು.

ಆಮೇಲೆ ಏನು ಮಾಡಿದೆವು

ಮೂರು ದಾರಿ ಇತ್ತು. ಎಕ್ಸ್‌ಚೇಂಜನ್ನು ಅರ್ಧದಲ್ಲೇ ನಿಲ್ಲಿಸಿ ಕಲಬೆರಕೆಯನ್ನು ಬಳಸುವುದು, ಬೇರೆ ಥಯೋಲ್ ಹುಡುಕುವುದು, ಇಲ್ಲ ಪ್ರಶ್ನೆಯನ್ನೇ ಬದಲಾಯಿಸುವುದು. ವಿದ್ಯಾರ್ಥಿನಿ ಮೂರನೆಯದನ್ನು ಹಿಡಿದಳು. ನಾನು ಎರಡನೆಯದನ್ನು ಹೇಳಿದ್ದೆ. ಅವಳ ಮಾತೇ ಸರಿ ಇತ್ತು. ಹೊಸ ಥಯೋಲ್‌ಗೆ ಮತ್ತೆ ಮೊದಲಿನಿಂದ ಶುರು ಮಾಡಬೇಕಿತ್ತು. ಕೈಯಲ್ಲಿ ಆಗಲೇ ಎರಡು ಶುದ್ಧ, ಗುರುತು ಸಿಕ್ಕ ಕ್ಲಸ್ಟರ್‌ಗಳಿದ್ದವು.

ಲಿಗ್ಯಾಂಡ್ ಪರಿಣಾಮ ಅನ್ನುವ ಸ್ಲೈಡ್ ತೆಗೆದು ಹಾಕಿದೆವು. ತಿರುಳೂ ಬೇರೆ, ಲಿಗ್ಯಾಂಡೂ ಬೇರೆ ಇರುವಾಗ ವ್ಯತ್ಯಾಸ ಯಾವುದರಿಂದ ಅಂತ ಹೇಳಲು ಬರುವುದಿಲ್ಲ. ಹಳೆಯ ಅಂಕಿಗಳನ್ನು ಪೂರ್ತಿ ಬಿಟ್ಟೆವು. ಹೊಸ ಪ್ರಶ್ನೆ ಇದಾಯಿತು: ಎಷ್ಟು ಟಿಬಿಬಿಟಿ ಬಂದಾಗ ಚಿನ್ನ-25 ಕೈಬಿಡುತ್ತದೆ? ಅದಕ್ಕೆ ಅವಳು ಫ್ಲಾಸ್ಕಿನಿಂದ ಹೊತ್ತು ಹೊತ್ತಿಗೆ ಚೂರು ಚೂರು ತೆಗೆದು, ಪ್ರತಿಯೊಂದಕ್ಕೂ ಸ್ಪೆಕ್ಟ್ರಮ್ ಮತ್ತು ಮಾಸ್ ಎರಡನ್ನೂ ಜೋಡಿಯಾಗಿ ತೆಗೆದಳು. ಬಾಚಣಿಗೆಯ ಹಲ್ಲುಗಳು ಬಲಕ್ಕೆ ಸರಿಯುತ್ತಾ ಹೋಗಿ, ಆಮೇಲೆ ಅವು ಮಂಕಾಗುತ್ತಿರುವಾಗಲೇ ದೂರದಲ್ಲಿ 8821 ಎದ್ದು ಬರುವುದನ್ನು ಅವಳು ಹಿಡಿದಳು. ಮೊದಲ ಸಲ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿದಾಗ ನಮಗೆ ತಪ್ಪಿಹೋಗಿದ್ದು ಇದೇ.

ಲ್ಯಾಬಿನ ರೂಢಿಯಲ್ಲೂ ಒಂದೆರಡು ಬದಲಾಯಿತು. ಹೊಸ ಲಿಗ್ಯಾಂಡ್ ಹಾಕಿದ ಯಾವ ಸ್ಯಾಂಪಲ್ಲೂ ಮಾಸ್ ಇಲ್ಲದೆ ಮುಂದಿನ ಪ್ರಯೋಗಕ್ಕೆ ಹೋಗುವುದಿಲ್ಲ, ಸ್ಲಾಟ್ ಎಷ್ಟೇ ತಡವಾಗಲಿ. ದ್ರಾವಣವನ್ನು ಬೆಂಚ್ ಮೇಲೆ ಇಡುವುದು ನಿಂತಿತು. ಒಣಗಿಸಿ, ಕತ್ತಲೆಯಲ್ಲಿ, ಫ್ರಿಜ್‌ನಲ್ಲಿ. ಬೇಕಾದಾಗ ಬೇಕಾದಷ್ಟೇ ಹೊಸ ಟಿಎಚ್‌ಎಫ್‌ನಲ್ಲಿ ಕರಗಿಸಿಕೊಳ್ಳುವುದು, ಯಾಕೆಂದರೆ ಹಳೆಯ ಟಿಎಚ್‌ಎಫ್‌ನಲ್ಲಿ ಪೆರಾಕ್ಸೈಡ್ ಸೇರಿಕೊಂಡಿರುತ್ತದೆ. ಬಣ್ಣ ಬದಲಾದ ವಯಲ್ ಸಿಂಕಿಗೆ ಹೋಗುವ ಮುಂಚೆ ಬೋರೋಹೈಡ್ರೈಡ್ ಎರಡು ಹನಿ.

ಆ ನೋಟ್‌ಬುಕ್ ಪುಟವನ್ನು ಅವಳು ಹರಿದು ಹಾಕಲಿಲ್ಲ. "ಎಕ್ಸ್‌ಚೇಂಜ್ ಪೂರ್ತಿಯಾಗಿದೆ" ಅನ್ನುವ ಸಾಲಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಹಾಕಿ, ಕೆಳಗೆ 8821 ಅಂತ ಬರೆದಿದ್ದಾಳೆ. ಈಗ ಗುಂಪಿಗೆ ಹೊಸದಾಗಿ ಬಂದವರಿಗೆ ಅವಳು ಮೊದಲು ತೆಗೆದು ತೋರಿಸುವುದು ಆ ಪುಟವನ್ನೇ.